ಆಕಿ ‘ಬಾ’ ಅನ್ನದ ವರ್ಷ

ಮೊನ್ನೆ ಊರಿಗೆ ಹೋಗೋ ಮುಂದ ಶಹಾಪುರ ಬಸ್ ನಿಲ್ದಾಣದಾಗ ಸುರಪುರದ ಬಸ್ಸಿಗೆ ಕಾಯ್ಕೋತ ನಿಂತಿದ್ದೆ. ಒಮ್ಮೆಲೇ ಮಳಿ ಬಂತು. ನಮ್ಮ ಕಡಿ ಮಳಿ ಗೊತ್ತಲ್ಲ, ಹೇಳಿ ಕೇಳಿ ಬರೋ ಪದ್ಧತಿ ಇಲ್ಲ. ಬಂದ್ರ ಬಂತು, ಹೋದ್ರ ಹೋತು. ಮಂದಿ ಎಲ್ಲ ತಗಡಿನ ಕೆಳಗ ಓಡಿ ಬಂದು ಒಬ್ಬರಿಗೊಬ್ಬರು ಒತ್ಕೊಂಡು ನಿಂತರು. ನನ್ನ ಬಾಜೂಕ ಒಬ್ಬ ಮುದುಕ, ಗುಡ್ಡದ ಕಡಿ ಕುರಿ ಬಿಟ್ಟು ಬಂದಾವ ಇರಬೇಕು, ಮೈಮ್ಯಾಲ ಕರಿ ಕಂಬಳಿ ಹೊದ್ಕೊಂಡಿದ್ದ. ಕಂಬಳಿ ನೆನದಿತ್ತು. ಹಸಿ ಉಣ್ಣಿ, ಅದು ಬಿರುಸಾಗಲಿ ಅಂತ ಕುಡಿಸಿದ ಹುಣಸಿ ಬೀಜದ ಗಂಜಿ, ಎರಡೂ ಕೂಡಿದ್ರ ಒಂದು ಹುಳಿ ವಾಸನಿ ಬರತದ. ಗೊತ್ತಿದ್ದವರಿಗೆ ಗೊತ್ತು. ಆ ಕಡಿ ನಿಂತ ಕಾಲೇಜ್ ಹುಡುಗಿ ಓಡ್ನಿಯಿಂದ ಮೂಗು ಮುಚ್ಕೊಂಡಳು. ನಾ ಮಾತ್ರ ಮುದುಕನ ಕಡಿ ಇನ್ನಷ್ಟು ಸರದು ನಿಂತೆ.

“ಯಾಕ್ರಿ ಯಪ್ಪಾ, ಚಳಿ ಹತ್ತೇದೇನ್ರಿ? ಬರ್ರಿ, ಇದರಾಗ ಇಬ್ಬರು ಹಿಡಸ್ತೀವಿ” ಅಂದ ಮುದುಕ.

ಚಳಿ ಅಲ್ಲ. ಆ ವಾಸನಿ ಮೂಗಿಗೆ ಬಡದ ಕೂಡಲೇ ನನಗ ಮಡಿಕೇರಿ ನೆನಪಾತು. ಶಹಾಪುರದಾಗ ನಿಂತು ಮಡಿಕೇರಿ ನೆನಪಾತು ಅಂದ್ರ ಮಂದಿ ನಗತಾರ. ನಗಲಿ. ನಮ್ಮ ಸೀಮಿಗೆ ಕಾಲುವಿ ನೀರು ಬಂದ ಹೊಸದರಾಗ, ಆ ಮಳಿ ಊರಾಗ ಹೋಗಿ ಇರಬೇಕೋ ಬ್ಯಾಡೋ ಅಂತ ಒಂದು ವರ್ಷ ನಾ ಪಟ್ಟ ಸಂಕಟ ನನ್ನ ವೈರಿಗೂ ಬ್ಯಾಡ.

ನಂದು ದೇವಾಪುರದ ಆಚಿ ಒಂದು ಸಣ್ಣ ಊರು. ಅವ್ವ ಅಪ್ಪ ನಾವು ಸಣ್ಣವರಿದ್ದಾಗ ಹೋದ್ರು. ನನ್ನ ಬೆಳಿಸಿದಾವ ಅಣ್ಣ ಬೀರಪ್ಪ. ಅವನ ಜೋಡಿ ಕುರಿ ಕಾಯ್ಕೋತ ಸುರಪುರದಾಗ ಹತ್ತನೇತ್ತ ತನಕ ಓದಿದೆ, ಪಾಸೂ ಆದೆ, ಆದ್ರ ಮನಸು ಕುರಿ ಹಿಂದ ಇತ್ತು. ಹೆಂಡ್ತಿ ಮಾನಮ್ಮ ನನ್ನ ಸೋದರತ್ತಿ ಮಗಳು. ಸಣ್ಣಾಕಿ ಇದ್ದಾಗಿಂದ ನನಗ ‘ನೀ’ ಅನ್ನಾಕಿ. ಮದುವಿ ಆದ ಮ್ಯಾಲ ಮಂದಿ ಮುಂದ ‘ರೀ’ ಅನ್ನಾಕ ಕಲ್ತಳು. ಸಿಟ್ಟು ಬಂದ್ರ, ಇಲ್ಲಾ ಅಕ್ಕರತಿ ಬಂದ್ರ ‘ನೀ’ಗೆ ವಾಪಸ್ ಬರ್ತಿದ್ಳು. ಆಕಿ ನನಗಿಂತ ಜಾಣಿ. ಕಲಬುರಗ್ಯಾಗ ನರ್ಸ್ ಕೋರ್ಸ್ ಕಲ್ತಳು. ಅದಕ್ಕ ಮದುವಿ ಆಗಿ ವರ್ಷಗಳಾದ್ರೂ ನಾವು ಕೂಡಿ ಇದ್ದದ್ದು ಬರೇ ಹಬ್ಬಕ್ಕ, ಸೂಟಿಗೆ. ಕೋರ್ಸ್ ಮುಗೀತು, ಸರಕಾರಿ ನೌಕರಿ ಆತು. ಇನ್ನೇನು ಯಾದಗಿರ್ಯಾಗೋ ಶಹಾಪುರದಾಗೋ ಹಾಕ್ತಾರ, ಒಂದು ಖೋಲಿ ಹಿಡದು ಸಂಸಾರ ಹೂಡೋಣು ಅಂತ ನಾ ಆಸಿ ಕಟ್ಕೊಂಡಿದ್ದೆ. ಆರ್ಡರ್ ಬಂತು. ಮಡಿಕೇರಿ.

“ಅದು ಎಲ್ಲಿ ಬರತದ?” ಅಂದ ಅಣ್ಣ.

“ಕರ್ನಾಟಕದಾಗ ಅದ ಮಾವ” ಅಂದ್ಳು ಮಾನಮ್ಮ.

“ನಮ್ಮದೂ ಕರ್ನಾಟಕದಾಗ ಅದಲ್ಲ? ಮತ್ತ ಇಲ್ಲೇ ಹಾಕಿದ್ರ ಏನಾಗತಿತ್ತು?” ಅಂದ.

ಯಾದಗಿರಿಗೆ ಹೋಗಿ ರೈಲು ಹತ್ತಿದ್ವಿ. ಒಂದು ಟ್ರಂಕು, ಒಂದು ಹಾಸಿಗಿ ಸುರುಳಿ, ಒಂದು ಚೀಲ ಕಟಕ ರೊಟ್ಟಿ, ಡಬ್ಬಿ ತುಂಬ ಶೇಂಗಾ ಹಿಂಡಿ. ಅಣ್ಣ ತನ್ನ ಹೊಸ ಕಂಬಳಿ ತಂದು ನನ್ನ ಹೆಗಲಿಗೆ ಹಾಕಿದ. “ಮಳಿ ಊರಂತ. ಇದು ಮೈಮ್ಯಾಲ ಇದ್ರ ಯಾ ಮಳಿ ಏನು ಮಾಡ್ತದ!” ಅಂದ. ರೈಲು, ಬಸ್ಸು, ಮತ್ತೊಂದು ಬಸ್ಸು. ಕಡೀ ಬಸ್ಸು ಘಾಟ್ ಹತ್ತಾಕತ್ತಿದಾಗ ಮೋಡ ಕಿಟಕ್ಯಾಗಿಂದ ಒಳಗ ಬಂತು. ನಾ ಹೊಗಿ ಅಂತ ತಿಳದು, “ಏ ಡ್ರೈವರ್ ಸಾಬ್, ಗಾಡಿ ಸುಡಾಕತ್ತದ, ನಿಲ್ಸ್ರಿ!” ಅಂತ ಎದ್ದು ನಿಂತು ಒದರಿದೆ. ಬಸ್ಸಿನಾಗಿನ ಮಂದಿ ಹೊಟ್ಟಿ ಹಿಡ್ಕೊಂಡು ನಕ್ಕರು. ಮಾನಮ್ಮ ಸೆರಗಿನಾಗ ಮಾರಿ ಮುಚ್ಕೊಂಡಳು, ನಾಚಿಕಿಗೋ ನಗಿಗೋ ತಿಳೀಲಿಲ್ಲ.

ದವಾಖಾನಿ ಹಿಂದ ಇಳಿಜಾರಿನಾಗ ಒಂದು ಖೋಲಿ ಸಿಕ್ತು. ಹಂಚಿನ ಮನಿ. ಮ್ಯಾಲ ಮನಿ ಒಡತಿ, ಒಂಟಿ ಮುದುಕಿ, ಕೆಳಗ ನಾವು. ಹೋದ ದಿನಾ ಸಂಜಿಗೇ ಮಳಿ ಹತ್ತಿತು. ಹಂಚಿನಿಂದ ಧಾರಿ ಧಾರಿ ಇಳಿಯಾಕತ್ತಿದ್ದ ನೀರು ನೋಡಿ ಮಾನಮ್ಮ ಗಡಬಡಿಸಿ ಎದ್ದಳು. ಕೊಡ ಇಟ್ಟಳು, ತುಂಬಿತು. ಬಕೀಟು ಇಟ್ಟಳು, ತುಂಬಿತು. ಬೋಗಾಣಿ, ತಾಟು, ತಂಬಿಗಿ, ಕಡೀಕ ಚಹಾದ ಗ್ಲಾಸು. ನಾನೂ ಒಂದು ಕೈಲೆ ತುಂಬಿದ್ದು ತಗೊಂಡು ಇನ್ನೊಂದು ಕೈಲೆ ಖಾಲಿದು ಕೊಡಾಕತ್ತಿದ್ದೆ. ಸೂರಿನ ನೀರು ಹಿಡೀದೆ ಬಿಡೋ ಮಂದಿ ನಮ್ಮ ಕಡಿ ಯಾರದಾರ ಹೇಳ್ರಿ? ಒಡತಿ ಮ್ಯಾಲಿಂದ ಬಗ್ಗಿ ನೋಡಿದಳು.

“ಯಾಕಮ್ಮಾ, ಪಾತ್ರೆಯೆಲ್ಲ ತುಂಬಿಸಿ ಇಡ್ತಿದ್ದೀರಿ? ಒಳಗೆ ನಲ್ಲಿ ಇದೆ. ಈ ಮಳೆ ಇನ್ನು ದಸರಾ ತನಕ ಎಲ್ಲೂ ಹೋಗಲ್ಲ.”

ಮಾನಮ್ಮ ಕೇಳಬೇಕಲ್ಲ! ಆಮ್ಯಾಲ ಉಣ್ಣಾಕ ಕೂತ್ರ ಖಾಲಿ ತಾಟು ಒಂದೂ ಇದ್ದಿಲ್ಲ. ರೊಟ್ಟಿ ಕೈಯಾಗ ಹಿಡ್ಕೊಂಡು ತಿಂದ್ವಿ. ಆಕಿ ಕಿಟಕಿ ಹೊರಗ ಕೈ ಚಾಚಿ, “ನೋಡು, ಬಾವಿಯಿಂದ ಕೊಡ ಹೊತ್ತು ಹೊತ್ತು ನನ್ನ ನೆತ್ತಿ ಕೂದಲಾ ಉದರಿದ್ವು. ಇಲ್ಲಿ ಕೈ ಚಾಚಿದ್ರ ನೀರು” ಅಂದ್ಳು. ಆಕಿ ಅಷ್ಟು ಖುಷಿ ಆಗಿದ್ದು ನಾ ನಮ್ಮ ಮದುವ್ಯಾಗೂ ನೋಡಿದ್ದಿಲ್ಲ. ಆ ಊರು ಆಕಿಗೆ ಆವತ್ತೇ ಹಿಡಿಸಿತು. ನನಗ ಆವತ್ತೇ ತಿಳೀತು, ಇನ್ನ ನನ್ನ ಫಜೀತಿ ಶುರು ಆತು ಅಂತ.

ಮರುದಿನದಿಂದ ಆಕಿ ಡ್ಯೂಟಿಗೆ ಹೋದಳು. ಖೋಲ್ಯಾಗ ನಾ ಒಬ್ಬನ. ನೆರಳು ನೋಡಿ ಹೊತ್ತು ಹೇಳೋ ಮನಷ್ಯಾ ನಾ. ಕುರಿ ಹಿಂದ ಇದ್ದವರಿಗೆ ಗಡಿಯಾರ ಯಾಕ ಬೇಕು? ಅಲ್ಲಿ ನನಗ ನೆರಳೇ ಇದ್ದಿಲ್ಲ. ಮುಂಜಾನಿ ಎಂಥಾ ಬೆಳಕೋ ಮಧ್ಯಾಹ್ನಕ್ಕೂ ಅಂಥಾದ್ದೇ. ಮೂಡಣ ಯಾವುದು, ಪಡುವಣ ಯಾವುದು, ಒಂದೂ ತಿಳೀವಲ್ದು. ಒಂದಿನ ಸಂಜಿ ಆತು ಅಂತ ದೀಪಾ ಹಚ್ಚಿ, ಅನ್ನಕ್ಕಿಟ್ಟು, ಬಾಗಲದಾಗ ಆಕಿ ದಾರಿ ನೋಡ್ಕೋತ ಕೂತೆ. ಅನ್ನ ಆರಿತು. ಆಕಿ ಬರಲಿಲ್ಲ. ನೆನಕೋತ ದವಾಖಾನಿ ತನಕ ಓಡಿದೆ. ಗೇಟಿನಾಗ ಗಡಿಯಾರ ನೋಡಿದ್ರ ಇನ್ನೂ ಮಧ್ಯಾಹ್ನದ ಊಟದ ಹೊತ್ತು! ಮಾನಮ್ಮ ಬಿಳಿ ಸೀರ್ಯಾಗ ಹೊರಗ ಬಂದು, “ಯಾಕ್ರಿ, ಏನಾತ್ರಿ?” ಅಂದ್ಳು. ಏನು ಹೇಳಲಿ? ಏನಿಲ್ಲ, ಸುಮ್ನ ಬಂದೆ ಅಂದೆ.

ಮಾತಾಡೋಣು ಅಂದ್ರ ಮಾತೂ ನೆಟ್ಟಗ ನಡೀತಿದ್ದಿಲ್ಲ. ಅಂಗಡಿಗೆ ಹೋಗಿ “ಬೆಲ್ಲ ಕೊಡ್ರಿ” ಅಂದ್ರ, ಈತ ಜಗಳಕ್ಕ ಬಂದಾನ ಅಂತ ಅಂಗಡ್ಯಾವ ಎರಡು ಹೆಜ್ಜಿ ಹಿಂದ ಸರೀತಿದ್ದ. ಮೆತ್ತಗ ಮಾತಾಡಬೇಕು ಅಂತ ಹೋದ್ರ ನನ್ನ ದನಿ ನನಗ ಗುರ್ತು ಹತ್ತತಿದ್ದಿಲ್ಲ. ಹಿಂಗಾಗಿ ಹಗಲೆಲ್ಲ ಬಾಯಿ ಮುಚ್ಕೊಂಡು, ಆಕಿ ಬಂದ ಕೂಡಲೇ ಕೂಡಿಟ್ಟ ಮಾತೆಲ್ಲ ಒಮ್ಮೆಲೇ ಸುರೀತಿದ್ದೆ. ಪಾಪ, ಆಕಿ ದಿನಾ ಪೂರಾ ಪೇಷಂಟ್‌ಗಳ ಜೋಡಿ ಒದ್ದಾಡಿ ಬಂದಿರ್ತಿದ್ಳು. ಹೂಂ ಹೂಂ ಅನ್ಕೋತ ಕೂತಲ್ಲೇ ಕಣ್ಣು ಮುಚ್ಚತಿದ್ಳು.

ಇನ್ನ ಕಂಬಳಿ ಕಥಿ ಕೇಳ್ರಿ. ನಮ್ಮ ಕಡಿ ಮಳಿ ಬಂದ್ರ ಕಂಬಳಿ ಕೊಪ್ಪಿ ಮಾಡಿ ತಲಿ ಮ್ಯಾಲ ಹಾಕ್ಕೋತೀವಿ. ಗಂಜಿ ಕುಡಿಸಿದ ಕಂಬಳಿ, ನೀರು ಒಳಗ ಬಿಡಾಂಗಿಲ್ಲ. ನೆನದ್ರೂ ಬಂಡಿಗಲ್ಲಿನ ಮ್ಯಾಲ ಹರವಿದ್ರ ಮುಗೀತು, ಬಿಸಿಲಿಗೆ ಗರಿಗರಿ. ಆ ಧೈರ್ಯದ ಮ್ಯಾಲ ಒಂದಿನ ಕೊಪ್ಪಿ ಹಾಕ್ಕೊಂಡು ಠೀವಿಲೆ ಮಡಿಕೇರಿ ಬಜಾರಿಗೆ ಹೊಂಟೆ. ಛತ್ರಿ ಹಿಡದ ಮಂದಿ ನನ್ನ ಕಡಿ ನೋಡಿದ್ರು, ನೋಡಲಿ ಅಂದೆ. ಆ ಮಳಿ ನಿಂತ್ರಲ್ಲ ಕಂಬಳಿ ಆರೋದು! ವಾಪಸ್ ಬರೋದ್ರಾಗ ಅದು ನೀರು ಕುಡದು, ಮೈಮ್ಯಾಲ ಎಮ್ಮಿ ಕರಾ ಹೊತ್ತಷ್ಟು ಭಾರಾಗಿತ್ತು. ಖೋಲ್ಯಾಗ ಹಗ್ಗಕ್ಕ ಹಾಕಿದೆ. ಆರಲಿಲ್ಲ. ಮರುದಿನ ಆರಲಿಲ್ಲ. ಅದರ ಮರುದಿನ ಗಂಜಿ ಹುಳಿ ಬಂದು ವಾಸನಿ ಹೊಡ್ಯಾಕತ್ತಿತು. ಆಮ್ಯಾಲ ಕರಿ ಕಂಬಳಿ ಮ್ಯಾಲ ಬಿಳಿ ಬೂಸರ ಹತ್ತಿತು. ಕಟಕ ರೊಟ್ಟಿ ಚೀಲಕ್ಕೂ ಅದೇ ಗತಿ. ಕಟಕ್ ಅನ್ನಬೇಕಾದ ರೊಟ್ಟಿ ಅರಬಿಯಂಗ ಮಡಚಾಕ ಬರ್ತಿದ್ವು.

ಒಡತಿ ಇಳದು ಬಂದು ಬಾಗಲದಾಗ ನಿಂತಳು. “ಸಿಸ್ಟರ್, ಒಳಗೆ ಏನಾದ್ರೂ ಪ್ರಾಣಿ ಸತ್ತಿದೆಯಾ ಅಂತ ನೋಡಿ” ಅಂದ್ಳು.

ನನ್ನ ಮಾರಿ ಸಣ್ಣದಾತು. “ತಿಪ್ಪಿಗೆ ಒಗದು ಬಿಡ್ತೀನಿ” ಅಂತ ಕಂಬಳಿ ಎಳ್ಕೊಂಡೆ. ಮಾನಮ್ಮ ಬಿಡಲಿಲ್ಲ. ಆಕಿಗೆ ಆವತ್ತು ರಜಾ. ಒಡತಿ ಹತ್ರ ಇದ್ದಿಲ ಶೇಗಡಿ ಇಸ್ಕೊಂಡು ಬಂದು, ಮ್ಯಾಲ ಬುಟ್ಟಿ ಬೋರಲು ಹಾಕಿ, ಅದರ ಮ್ಯಾಲ ಕಂಬಳಿ ಹರವಿ, ಒಂದೊಂದು ಮೂಲಿ ಕಾಸ್ಕೋತ ಕೂತಳು. ಸುಡಬಾರದು, ಹಸಿ ಇರಬಾರದು. ನಾ ಕಾಸ್ತೀನಿ ಕೊಡು ಅಂದ್ರ ಕೊಡಲಿಲ್ಲ. ನಾ ಹೊರಗ ಹೋಗಿ ಇದ್ದಿಲು ತರೋದ್ರಾಗ ಆಕಿ ಕಂಬಳಿ ಅಂಚು ಕೈಯಾಗ ಹಿಡ್ಕೊಂಡು ಕೂತಲ್ಲೇ ನಿದ್ದಿ ಹೋಗಿದ್ಳು. ಹೊಗಿಗೆ ಕಣ್ಣು ಕೆಂಪಾಗಿದ್ವು. ದವಾಖಾನ್ಯಾಗ ಮಂದಿ ನೋಡ್ಕೊಂಡು ಬಂದು ಇಲ್ಲಿ ನನ್ನ ನೋಡ್ಕೊಳ್ಳೋದಾತು ಈಕಿಗೆ, ನಾ ಈಕಿಗೆ ಜೋಡಿ ಅಲ್ಲ, ಜಡ ಆಗೀನಿ ಅನ್ನಿಸ್ತು.

ಅಷ್ಟರಾಗ ಎದುರಿನ ಲಾಡ್ಜಿನ ಯಜಮಾನರು ಒಂದು ಮಾತು ಆಡಿದ್ರು. ಅವರ ಗೇಟು ಕಾಯಾಂವ ದೀಪಾವಳಿಗೆ ಬಿಡಾಂವ ಇದ್ದ. ಹಗಲು ಕೆಲಸ, ಬೇಕಾದ್ರ ನೀವು ಬರಬಹುದು, ಹಬ್ಬದ ತನಕ ಹೇಳಿ ಅಂದ್ರು. ನಾ ಊರಿಗೆ ಹೋಗಿ ಅಣ್ಣನ್ನ ಕೇಳಿ ಹೇಳ್ತೀನಿ ಅಂದೆ. ಮಾನಮ್ಮಗೂ ಅಷ್ಟೇ ಹೇಳಿ ನಾಗರ ಪಂಚಮಿ ಮುಂದ ಬಸ್ ಹತ್ತಿದೆ. ಆಕಿ ಬಸ್ ಹೋಗೋ ತನಕ ಛತ್ರಿ ಹಿಡ್ಕೊಂಡು ನಿಂತಿದ್ಳು. ಹೋಗು ಅನ್ನಲಿಲ್ಲ, ಇರು ಅನ್ನಲಿಲ್ಲ.

ಯಾದಗಿರ್ಯಾಗ ರೈಲು ಇಳದೆ. ಬಿಸಿಲು! ಸ್ಟೇಷನ್ ಹೊರಗ ನಿಂತು ಸುಮ್ನ ಮೈಮ್ಯಾಲ ಬಿಸಿಲು ಹಾಕ್ಕೊಂಡೆ. ಕಾಲಾಗ ನನ್ನ ನೆರಳು ಬಿದ್ದಿತ್ತು. ಖುಷಿಗೆ ಕಣ್ಣಾಗ ನೀರು ಬಂದ್ವು, ಖರೇ ಹೇಳ್ತೀನಿ.

ಆದ್ರ ಊರು ನಾ ಬಿಟ್ಟು ಹೋದ ಊರಾಗಿ ಉಳದಿದ್ದಿಲ್ಲ. ಕಾಲುವ್ಯಾಗ ನೀರು ತುಂಬಿ ಹರ್ಯಾಕತ್ತಿತ್ತು. ಮೋಡ ಇಲ್ಲ, ಮಳಿ ಇಲ್ಲ, ನೀರು ಮಾತ್ರ ಬಂದಾದ. ಮೊದಲು ಸಜ್ಜಿ, ತೊಗರಿ ಇದ್ದ ಹೊಲದಾಗ ಗದ್ದಿ ಆಗಿದ್ವು, ಮಂದಿ ಮಣಕಾಲ ಕೆಸರಿನಾಗ ನಿಂತು ಭತ್ತದ ಸಸಿ ಹಚ್ಚಾಕತ್ತಿದ್ರು. ಅವರಿಗೆ ಚಲೋ ಆತು, ನಾ ಯಾಕ ಹೊಟ್ಟಿ ಉರ್ಕೊಳ್ಳಲಿ? ಆದ್ರ ಕುರಿ ಎಲ್ಲಿ ಹೋಗಬೇಕು? ಮೊದಲು ಗೊಬ್ಬರ ಆಗತದಂತ ರೈತರೇ ಕರದು, ಕಾಳು ಕೊಟ್ಟು, ತಮ್ಮ ಹೊಲದಾಗ ರಾತ್ರಿ ಕುರಿ ತರುಬಿ ನಿಲ್ಲಿಸ್ಕೋತಿದ್ರು. ಈಗ ನೀರು ನಿಂತ ಗದ್ದ್ಯಾಗ ಕುರಿ ಹೆಂಗ ತರುಬೋದು?

ಅಣ್ಣ ಮಾತ್ರ ಗೆಲುವಿನ್ಯಾಗ ಇದ್ದ. “ಬಾ ತಮ್ಮಾ, ಒಂದು ಚಮತ್ಕಾರ ತೋರಸ್ತೀನಿ” ಅಂತ ಕಾಲುವಿ ದಂಡಿಗೆ ಕರ್ಕೊಂಡು ಹೋದ. ಸೋರಿದ ನೀರಿಗೆ ದಂಡಿಗುಂಟ ಹುಲ್ಲು ಬೆಳದಿತ್ತು. ಹಸರು ಅಂದ್ರ ಹಸರು, ಮೆತ್ತಗ, ಮಣಕಾಲೆತ್ತರ. ನಮ್ಮ ಮುತ್ಯಾ ಹುಟ್ಟಿದಾಗಿಂದ ಹಸರು ಹುಡಕ್ಕೋತ ಊರೂರು ಅಲದ ಮಂದಿ ನಾವು. ಮನಿ ಮುಂದ ಅಷ್ಟು ಹುಲ್ಲು ನೋಡಿ ನನಗೂ ತಲಿ ತಿರುಗಿತು. ಇಬ್ಬರೂ ಕೂಡಿ ಕುರಿ ಅಲ್ಲೇ ಬಿಟ್ವಿ. ದಿನಾ ಅಲ್ಲೇ. ಕುರಿ ನೋಡನೋಡ್ತ ಮೈ ತುಂಬಿಕೊಂಡ್ವು. “ಹೆಂಗ ಮಿಂಚಾಕತ್ತಾವ ನೋಡು!” ಅಂತ ಅಣ್ಣ ಅವುಗಳ ಬೆನ್ನ ಮ್ಯಾಲ ಕೈ ಆಡಸ್ತಿದ್ದ.

ಐತವಾರಕ್ಕೊಮ್ಮೆ ನಾ ಸೈಕಲ್ ಹತ್ತಿ ಸುರಪುರಕ್ಕ ಹೋಗ್ತಿದ್ದೆ. ಬಸ್ ನಿಲ್ದಾಣದ ಮುಂದ ಮೌಲಾಸಾಬನ ಎಸ್‌ಟಿಡಿ ಬೂತು. ಮಾನಮ್ಮ ದವಾಖಾನಿ ಫೋನಿನ ಹತ್ರ ಬಂದು ನಿಂತಿರ್ತಿದ್ಳು.

“ಮಳಿ ಅದೇನು?”

“ಅದರಿ. ಅಲ್ಲಿ ಬಿಸಿಲು ಅದೇನ್ರಿ?”

“ಅದ.”

ಅಷ್ಟಾದ ಮ್ಯಾಲ ಇಬ್ಬರಿಗೂ ಮಾತು ಸಿಗತಿದ್ದಿಲ್ಲ. ಬ್ಯಾರೆ ಮಾತು ಎತ್ತಿದ್ರ ಅದು ಒಂದೇ ಕಡಿ ಹೋಗಿ ನಿಲ್ಲತಿತ್ತು: ಬರ್ತೀಯೋ, ಇಲ್ಲೋ. ಅದನ್ನ ಆಕಿ ಕೇಳ್ತಿದ್ದಿಲ್ಲ, ನಾ ಹೇಳ್ತಿದ್ದಿಲ್ಲ. ಹೊರಗ ಬಂದ್ರ ಮೌಲಾಸಾಬ, “ಏನು ಮಾಳಪ್ಪ, ಫೋನಿನಾಗ ಬರೇ ಉಸಿರು ಬಿಡಾಕ ಇಷ್ಟು ದೂರ ಬರ್ತಿ?” ಅಂತ ಚಾಷ್ಟಿ ಮಾಡ್ತಿದ್ದ. ನಗತಿದ್ದೆ. ಮನಿಗೆ ಬಂದು ಖೋಲಿ ಬಾಗಲಾ ತೆಗದ್ರ ಆಕಿ ಗಾಜಿನ ಬಳಿ ಪೆಟ್ಟಿಗಿ, ಗೂಟಕ್ಕ ಆಕಿ ಹಳೀ ಸೀರಿ. ಅತ್ತಿಗಿ ಕರದು ಉಣ್ಣಾಕ ಹಾಕ್ತಿದ್ಳು, ಅಣ್ಣನ ಮಕ್ಕಳು ತೊಡಿ ಮ್ಯಾಲ ಬಂದು ಬೀಳ್ತಿದ್ವು. ಅವರ ಮನಿ ತುಂಬಿದ ಮನಿ. ಅಲ್ಲಿಂದ ಎದ್ದು ನನ್ನ ಖೋಲಿಗೆ ಬರೋದು ಅಂದ್ರ ಜೀವಕ್ಕ ಬರ್ತಿತ್ತು.

ದಸರಾ ಹತ್ರ ಬಂದಾಗ ಒಂದು ಮುಂಜಾನಿ ಕುರಿ ಬಿಡಾಕ ಹೋದ್ರ ಒಂದು ಕುರಿ ಏಳಲಿಲ್ಲ. ಗಲ್ಲದ ಕೆಳಗ ನೀರು ತುಂಬಿ ಜೋತು ಬಿದ್ದಿತ್ತು. ಕಣ್ಣು ಬಿಳಿಚಿದ್ವು. ಬ್ಯಾರೆ ಕುರಿ ಕಣ್ಣು ಬಿಡಿಸಿ ನೋಡಿದ್ರ ಹಟ್ಟ್ಯಾಗ ಅಂಥಾವು ಇನ್ನೂ ಇದ್ವು. ಸುರಪುರದಿಂದ ದನದ ಡಾಕ್ಟರ್ ಬಂದ್ರು. ಸತ್ತ ಕುರಿ ಹೊಟ್ಟಿ ಕೊಯ್ದು ಕಲೇಜಿ, ಅದೇ ಲಿವರ್, ತೋರಿಸಿದ್ರು. ಎಲಿಯಂಥ ಚಪ್ಪಟಿ ಹುಳ ಅದರಾಗ ಹೊಳ್ಳ್ಯಾಡಾಕತ್ತಿದ್ವು.

“ಕಾಲುವಿ ದಂಡಿ ಹುಲ್ಲು ಮೇಸೀರೇನು? ಆ ಹಸಿ ಹುಲ್ಲಿನ್ಯಾಗಿಂದ ಬಂದಾವ ಇವು. ಮೊದಲು ಮೈ ತುಂಬಿದಂಗ ಕಾಣತಾವ. ಅದಕ್ಕ ಎಲ್ಲಾರೂ ಮೋಸ ಹೋಗ್ಯಾರ, ನೀವೊಬ್ಬರೇ ಅಲ್ಲ” ಅಂದ್ರು. ಔಷಧ ಕೊಟ್ರು, ಉಳದಾವನ್ನ ಜಲ್ದಿ ಒಣ ಗುಡ್ಡಕ್ಕ ಹೊಡೀರಿ ಅಂದ್ರು.

ಅಣ್ಣ ಸತ್ತ ಕುರಿ ಬಾಜೂಕ ಕುಂತುಬಿಟ್ಟಿದ್ದ. “ಹುಲ್ಲು ಹಸರಿದ್ರ ಕೆಟ್ಟದ್ದು ಅಂತ ನಮಗ ಯಾರರ ಹೇಳ್ಯಾರೇನೋ ತಮ್ಮಾ?” ಅಂದ. ಅವ ಅತ್ತಿದ್ದು ನಾ ಅವತ್ತೇ ನೋಡಿದ್ದು. ಆಮ್ಯಾಲ ಕಣ್ಣು ಒರಸ್ಕೊಂಡು ನನ್ನ ಕಡಿ ತಿರುಗಿದ. “ನೋಡಿದ್ಯಲ್ಲ? ಒಣ ನೆಲದ ಜೀವಕ್ಕ ನೀರಿನ ಸೀಮಿ ಆಗಿಬರಾಂಗಿಲ್ಲ. ಕುರಿಗೇ ಆಗಲಿಲ್ಲ, ನಿನಗ ಆಗತದೇನು? ಆಕಿಗೇ ನೌಕರಿ ಬಿಟ್ಟು ಬಾ ಅಂತ ಹೇಳು. ಗಂಡಸಾಗಿ ಹೆಂಡ್ತಿ ಸೆರಗು ಹಿಡ್ಕೊಂಡು ಹೋಗಬ್ಯಾಡ.”

ನನಗೂ ಅದು ಖರೇ ಅನ್ನಿಸ್ತು. ಅದನ್ನೇ ಹೇಳಬೇಕು ಅಂತ ಗಟ್ಟಿ ಮನಸು ಮಾಡಿ ಆ ಐತವಾರ ಸುರಪುರಕ್ಕ ಹೋದೆ. ದಾರಿ ತುಂಬ ಮಾತು ಜೋಡಿಸ್ಕೊಂಡೆ: ನೋಡು ಮಾನಮ್ಮ, ನೌಕರಿ ಇವತ್ತು ಇರತದ ನಾಳೆ ಹೋಗತದ. ಫೋನು ಹತ್ತಿತು.

“ಕುರಿ ಸತ್ವು” ಅಂದೆ.

“ಯಾವ್ಯಾವು?” ಅಂದ್ಳು. ಎಷ್ಟು ಅಂತ ಕೇಳಲಿಲ್ಲ.

ಹೆಸರು ಹೇಳಿದೆ. ಚುಕ್ಕಿ ಅಂದ ಕೂಡಲೇ ಆ ಕಡಿ ಬಿಕ್ಕಿದ ಸಪ್ಪಳ ಬಂತು. ಚುಕ್ಕಿ ತಾಯಿ ಇಲ್ಲದ ಮರಿ. ಆಕಿ ಸೂಟಿಗೆ ಬಂದಾಗ ಬಾಟ್ಲಿ ಹಾಲು ಹಾಕಿ ಬದುಕಿಸಿದ್ಳು. ಆ ಅಳು ಕೇಳಿ ನಾ ಜೋಡಿಸ್ಕೊಂಡು ಬಂದ ಮಾತೆಲ್ಲ ಹಂಗೇ ಬಿಟ್ಟೆ. ಆಕಿ ಸಾವರಿಸ್ಕೊಂಡು ಅಂದ್ಳು:

“ಲಾಡ್ಜಿನವರು ಕೇಳಾಕತ್ತಾರ್ರಿ. ದೀಪಾವಳಿ ಹತ್ರ ಬಂತು, ನಿಮ್ಮ ಯಜಮಾನರು ಬರ್ತಾರೋ ಇಲ್ಲೋ ಅಂತ.”

“ನೀ ಏನಂದಿ?”

“ನನಗೇನು ಗೊತ್ತು ಅಂದೆ.”

“ನೀ ಬಾ ಅನ್ನು, ಬರ್ತೀನಿ.” ಬಾಯಿಗೆ ಬಂದದ್ದು ಇದು. ಹೇಳಾಕ ಹೋಗಿದ್ದು ಬ್ಯಾರೆ, ಹೇಳಿದ್ದು ಬ್ಯಾರೆ.

ಆಕಿ ‘ರೀ’ ಬಿಟ್ಟಳು. “ಅನ್ನಾಂಗಿಲ್ಲ. ನಾ ಬಾ ಅಂದ್ರ ನೀ ಬರ್ತಿ, ನನಗ ಗೊತ್ತದ. ಆಮ್ಯಾಲ ಇಲ್ಲಿ ಮಳಿ ಬಿದ್ದಾಗೆಲ್ಲ ನನ್ನ ಮಾರಿ ನೋಡ್ತಿ. ಈ ಊರಾಗ ಎಷ್ಟು ಮಳಿ ಬೀಳತದ ನಿನಗೇ ಗೊತ್ತು. ಅಷ್ಟು ಸಲ ನನ್ನ ಕೈಲೆ ಆಗಾಂಗಿಲ್ಲ.”

“ಹಂಗಂದ್ರ ಬರಬ್ಯಾಡ ಅಂತೀಯೇನು?”

“ಹಂಗೂ ಅನ್ನಾಂಗಿಲ್ಲ. ಬಂದ್ರ ಬಾಗಲಾ ತೆಗಿತೀನಿ” ಅಂದ್ಳು. ಫೋನು ಇಟ್ಟಳು.

ನನ್ನ ಸಿಟ್ಟು ನೆತ್ತಿಗೇರಿತು. ಕಟ್ಕೊಂಡ ಗಂಡಗ ಬಾ ಅನ್ನಾಕ ಬಾಯಿ ಬರಾಂಗಿಲ್ಲ! ಸೈಕಲ್ ಹಂಗೇ ತುಳ್ಕೊಂಡು ಬಂದು, ಮರುದಿನಾನೇ ಉಳದ ಕುರಿ ಹೊಡ್ಕೊಂಡು ಶಹಾಪುರದ ಗುಡ್ಡದ ಹಾದಿ ಹಿಡದೆ. ಅಣ್ಣಗ ಸುಗ್ಗಿ ಕೆಲಸ ಇತ್ತು, ಅವ ಊರಾಗ ಉಳದ. ಇನ್ನ ಆ ಊರಿನ ಹೆಸರು ಎತ್ತಾಂಗಿಲ್ಲ ಅಂತ ಅವಗ ಹೇಳಿ ಬಂದಿದ್ದೆ.

ಬುದ್ಧ ಮಲಗಿದಂಗ ಕಾಣ್ತದಲ್ಲ, ಆ ಗುಡ್ಡದ ಹಿಂದಿನ ಬಂಡಿಗಲ್ಲಿನ್ಯಾಗ ಹಟ್ಟಿ ಹಾಕಿದೆ. ಒಣ ಹುಲ್ಲು, ಒಣ ಗಾಳಿ. ಕುರಿ ಒಂದೊಂದೇ ಗೆಲುವಾದ್ವು. ಮಡಿಕೇರ್ಯಾಗ ಕೂತು ನಾ ಏನೇನು ಬೇಕು ಬೇಕು ಅಂತ ಹಂಬಲಿಸಿದ್ನೋ ಅದೆಲ್ಲ ಅಲ್ಲಿ ಇತ್ತು. ತಲಿ ಮ್ಯಾಲ ಬಯಲು ಆಕಾಶ ಇತ್ತು. ಬಂಡಿಗಲ್ಲು ಕೈ ಸುಡೋ ಬಿಸಿಲಿತ್ತು. ಕಂಬಳಿ ಗರಿಗರಿ, ರೊಟ್ಟಿ ಮುರದ್ರ ಕಟಕ್. ಬೇಕಾದಷ್ಟು ಜೋರಾಗಿ ಮಾತಾಡಿದ್ರೂ ಹಿಂದ ಸರಿಯಾವರು ಯಾರಿದ್ದಿಲ್ಲ. ಮಾತಾಡಾಕೇ ಯಾರಿದ್ದಿಲ್ಲ.

ಮೊದಲ ಎರಡು ದಿನಾ ಸಿಟ್ಟಿನ್ಯಾಗ ಹೋದ್ವು. ಆಮ್ಯಾಲ ಸಿಟ್ಟು ಇಳೀತು, ಅದು ಇದ್ದ ಜಾಗಾ ಖಾಲಿ ಆತು. ಹೊತ್ತು ಇಳಿಯೋ ಮುಂದ ಬಂಡಿಗಲ್ಲಿನ ನೆರಳು ಉದ್ದಾಗತಿತ್ತು. ಈಗ ಆಕಿ ಡ್ಯೂಟಿ ಬಿಟ್ಟಿತು, ಈಗ ಆಕಿ ಮೆಟ್ಟಲಾ ಇಳ್ಯಾಕತ್ತಾಳ, ಈಗ ಕೀಲಿ ತೆಗದು ಖಾಲಿ ಖೋಲಿ ನೋಡ್ಯಾಳ ಅಂತ ನನಗ ಗಡಿಯಾರ ಇಲ್ಲದೇ ತಿಳೀತಿತ್ತು. ಮಡಿಕೇರ್ಯಾಗ ನನಗ ಬ್ಯಾಸರ ಆಗಿದ್ದು ಮಳಿಯಿಂದ ಅಂತ ತಿಳಕೊಂಡಿದ್ದೆ. ಇಲ್ಲಿ ಮಳಿ ಇದ್ದಿಲ್ಲ, ಬ್ಯಾಸರ ಅಷ್ಟೇ ಇತ್ತು. ಖರೇ ಹೇಳಬೇಕಂದ್ರ ಹೆಚ್ಚಿಗಿ ಇತ್ತು. ಒಂದು ಸಂಜಿ ತಡಕೊಳ್ಳಾಕ ಆಗದೆ ಎದ್ದು ನಿಂತು “ಮಾನಮ್ಮಾ” ಅಂತ ಜೋರಾಗಿ ಒದರಿದೆ. ಕುರಿ ತಲಿ ಎತ್ತಿ ನೋಡಿದ್ವು, ಮತ್ತ ಮೇಯಾಕತ್ತಿದ್ವು. ನಾ ಕಂಬಳಿ ಮಾರಿಗೆ ಒತ್ಕೊಂಡು ಸಣ್ಣ ಕೂಸಿನಂಗ ಅತ್ತೆ.

ದೀಪಾವಳಿ ಪಾಡ್ಯಕ್ಕ ಅಣ್ಣ, ಅತ್ತಿಗಿ ಹಟ್ಟಿ ಪೂಜಿಗೆ ಗುಡ್ಡಕ್ಕ ಬಂದ್ರು. ಹಟ್ಟಿ ನಡುವ ಕುಳ್ಳಿನ ಬೆಂಕಿ ಮ್ಯಾಲ ಮಣ್ಣಿನ ಗಡಿಗ್ಯಾಗ ಕುರಿ ಹಾಲು ಕಾಸಿ ಉಕ್ಕಸೋದು ನಮ್ಮ ಪದ್ಧತಿ. ಹಾಲು ಯಾ ಕಡಿ ಉಕ್ಕಿ ಚಲ್ಲತದೋ ಆ ಕಡಿ ಚಲೋ ಅಂತ ನಂಬಿಕಿ. ಆ ವರ್ಷ ಕುರಿ ಆ ಕಡಿ ಹೊಡೀತೀವಿ. ಅಣ್ಣ ಮಂಡಿಯೂರಿ ಕೂತು ಗಡಿಗಿ ಬಾಯಿ ನೋಡಾಕತ್ತಿದ್ದ. ಹಾಲು ನೊರಿ ಎದ್ದು ಬಡಗಣಕ್ಕ ಚಲ್ಲಿತು.

“ನೋಡು!” ಅಂದ ಅಣ್ಣ. ಅವನ ಮಾರಿ ಅರಳಿತು. “ಆ ನಿನ್ನ ಮಳಿ ಊರು ತೆಂಕಣಕ್ಕ ಅದ. ಹೋಗಬ್ಯಾಡ ಅಂತ ದೇವರೇ ಹೇಳ್ಯಾನ.”

“ಹಾಲು ಯಾ ಕಡಿ ಬೇಕಾದ್ರೂ ಉಕ್ಕಲಿ ಅಣ್ಣ. ನಾ ನಾಳಿ ಮಡಿಕೇರಿಗೆ ಹೋಗ್ತೀನಿ” ಅಂದೆ.

ಅತ್ತಿಗಿ ಕುಳ್ಳು ಸರಸೋ ಕೈ ಹಂಗೇ ನಿಲ್ಲಿಸಿದ್ಳು.

“ಆಕಿ ಬಾ ಅಂದ್ಳೇನು?” ಅಂದ ಅಣ್ಣ.

“ಇಲ್ಲ.”

“ಮತ್ತ? ಕರೀದೆ ಹೋಗ್ತೀಯೇನು?”

“ಕರದಿದ್ರ ಆಕಿ ಸಲುವಾಗಿ ಹೋದಂಗ ಆಗತಿತ್ತು. ಈಗ ನನ್ನ ಸಲುವಾಗಿ ಹೊಂಟೀನಿ.”

“ಕುರಿ ಏನಾದ್ವು ನೋಡಿದ್ಯಲ್ಲೋ ತಮ್ಮಾ!”

“ನೋಡಿದೆ. ಕುರಿ ಈ ಗುಡ್ಡಕ್ಕ ಬಂದು ಗೆಲುವಾದ್ವು, ನಾ ಆಗಲಿಲ್ಲ. ಅಲ್ಲಿ ಜೀವಕ್ಕ ಬ್ಯಾಸರಾದ್ರ ಮಳಿಗೆ ಬೈತಿದ್ದೆ. ಇಲ್ಲಿ ಮಳಿನೂ ಇಲ್ಲ, ಯಾರಿಗೆ ಬೈಲಣ್ಣ?”

ಅಣ್ಣ ಉಳದ ಹಾಲು ತಂಬಿಗ್ಯಾಗ ಸುರದು ನನ್ನ ಕೈಯಾಗ ಕೊಟ್ಟ. “ಕುಡಿ” ಅಂದ. ಕುಡದೆ. ಮಾರಿ ಆ ಕಡಿ ಮಾಡಿ ಹಟ್ಟಿ ಬಾಗಲಾ ಸರಿ ಮಾಡಾಕ ಎದ್ದು ಹೋದ.

ಹಂಗ ನಾ ಮಡಿಕೇರಿಗೆ ಬಂದೆ. ಬಂದಾಗ ದಸರಾ ದಾಟಿದ್ರೂ ಮಳಿ ಇತ್ತು, ಆಕಿ ಬಾಗಲಾ ತೆಗದಳು, ಕೈಯಾಗಿನ ಚೀಲ ಇಸ್ಕೊಂಡಳು. ಯಾಕ ಬಂದಿ ಅನ್ನಲಿಲ್ಲ. ಲಾಡ್ಜಿನ ಗೇಟಿನಾಗ ಕೆಲಸಕ್ಕ ನಿಂತೆ. ಇವತ್ತಿಗೂ ನನ್ನ ಮಾತು ಕೇಳಿ ಹೊಸ ಮಂದಿ ಹೆದರತಾರ. ಮಳಿ ಹಿಡಿಸಿತೇನು ಅಂತ ಊರಿಗೆ ಹೋದಾಗೆಲ್ಲ ಕೇಳ್ತಾರ. ಸುಳ್ಳು ಯಾಕ ಹೇಳಲಿ, ಹಿಡಿಸಿಲ್ಲ. ಒಂಟಿತನ ಹೋತೇನು ಅಂದ್ರ ಅದೂ ಹೋಗಿಲ್ಲ. ಆಕಿ ಡ್ಯೂಟಿಗೆ ಹೋದ್ರ ಗೇಟಿನಾಗ ನಾ ಒಬ್ಬನ, ಸುತ್ತ ಮೋಡ. ಆದ್ರ ಆ ಗುಡ್ಡದ ಮ್ಯಾಲ ನನ್ನ ಹತ್ರ ಬರೋರು ಯಾರೂ ಇದ್ದಿಲ್ಲ. ಇಲ್ಲಿ ಸಂಜಿಗೆ ಒಬ್ಬಾಕಿ ಬರ್ತಾಳ.